ಹಳೆಯ ಪ್ರವಾಸದ ಚಿತ್ರಗಳಿಗೆ ಊರು, ತಿಂಗಳು, ಹೆಸರು ಕೊಡಿ

ಅಂಗೈಯಗಲದ ಒಂದು ಫೋಟೋ. ಶೆಟ್ಟಿಹಳ್ಳಿಯ ‘ಮುಳುಗುವ ಚರ್ಚ್’ನ ಕಮಾನುಗಳ ನಡುಮಟ್ಟಕ್ಕೆ ನೀರು ನಿಂತಿದೆ. ದಡದಲ್ಲಿ ಅಪ್ಪ ಪಂಚೆ ಮೇಲೆತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಾರೆ. ತಿರುವಿದರೆ ಹಿಂಬದಿ ಖಾಲಿ. ಊರಿಲ್ಲ, ತಾರೀಖಿಲ್ಲ.

ಹಬ್ಬಕ್ಕೆ ಮನೆಯವರೆಲ್ಲ ಸೇರಿದ್ದಾಗ ಇದು ಯಾವಾಗಿನದು ಎಂಬ ಮಾತು ಬಂತು. ಅಣ್ಣ ಜನವರಿ ಎಂದ. ಅಮ್ಮ ಕನ್ನಡಕ ಹಾಕಿಕೊಂಡು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಜನವರಿ ಎಲ್ಲಿಂದ ಬಂತೋ? ಬೇಲಿ ಹಿಂದೆ ನೋಡು, ಹುಚ್ಚೆಳ್ಳು ಹೂವಾಗದೆ. ಹಾಸನಾಂಬೆ ನೋಡ್ಕಂಡು ಅಲ್ಲಿಗೆ ಹೋಗಿದ್ದು ಕಣೋ” ಎಂದರು. ಅಪ್ಪನ ಹೆಗಲ ಹಿಂದೆ, ರಾಗಿ ಹೊಲದ ಸಾಲುಗಳ ನಡುವೆ, ಉಗುರಿನಷ್ಟು ಜಾಗದಲ್ಲಿ ಹಳದಿ ಕಾಣುತ್ತಿತ್ತು. ಅಷ್ಟು ವರ್ಷ ಆ ಚಿತ್ರ ನೋಡಿದ್ದ ನಾವು ಯಾರೂ ಆ ಹಳದಿಯನ್ನು ಕಂಡಿರಲಿಲ್ಲ.

ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದ ಹುಣ್ಣಿಮೆ ಕಳೆದ ಮೇಲೆ ಬರುವ ಗುರುವಾರ. ಮುಚ್ಚುವುದು ಬಲಿಪಾಡ್ಯಮಿಯ ಮರುದಿನದ ಹೊತ್ತಿಗೆ. ಅಲ್ಲಿಗೆ ತಿಂಗಳು ಗೊತ್ತಾಯಿತು. ಇಸವಿ ಸಿಕ್ಕಿದ್ದು ನೆಗೆಟಿವ್‌ನಿಂದ. ರೀಲಿನ ಅಂಚಿನಲ್ಲಿ ಪ್ರತಿ ಚಿತ್ರಕ್ಕೂ ಒಂದು ಅಂಕಿ ಅಚ್ಚಾಗಿರುತ್ತದೆ. ಚರ್ಚಿನ ಚಿತ್ರ ಹನ್ನೊಂದನೆಯದು. ಅದೇ ರೀಲಿನ ಇಪ್ಪತ್ತನಾಲ್ಕನೆಯದು ಶ್ರವಣಬೆಳಗೊಳದ ಗೊಮ್ಮಟ. ಮೂರ್ತಿಯ ಬೆನ್ನ ಹಿಂದೆ ಅಟ್ಟಣಿಗೆ ಏಳುತ್ತಿದೆ. ಅಟ್ಟಣಿಗೆ ಕಟ್ಟುವುದು ಮಹಾಮಸ್ತಕಾಭಿಷೇಕಕ್ಕೆ, ಅದು ನಡೆದದ್ದು 2006ರ ಫೆಬ್ರವರಿಯಲ್ಲಿ. ಅಂದರೆ ಚಿತ್ರ 2005ರ ದೀಪಾವಳಿಯ ಸುಮಾರಿನದು. ಅಣ್ಣ ಮೆತ್ತನೆಯ ಪೆನ್ಸಿಲ್ ತಂದು ಫೋಟೋದ ಹಿಂದೆ ಬರೆದ: ‘ಶೆಟ್ಟಿಹಳ್ಳಿ, ದೀಪಾವಳಿ 2005, ಅಪ್ಪ.’

ಹಳೆಯ ಪ್ರವಾಸದ ಚಿತ್ರಗಳು ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇವೆ: ಗಾಡ್ರೇಜ್ ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೆಯ ಮೊಬೈಲಿನಲ್ಲಿ, ಯಾರೂ ತೆರೆಯದ ಸಿಡಿಗಳಲ್ಲಿ. ಊರು, ಕಾಲ, ಹೆಸರು ಇಲ್ಲದ ಚಿತ್ರ ಮುಂದಿನ ತಲೆಮಾರಿಗೆ ಬರೀ ಕಾಗದ. ಈ ಮೂರನ್ನು ಬರೆದಿಟ್ಟರೆ ಅದೇ ಚಿತ್ರ ಮನೆಯ ನೆನಪೂ ಆಗುತ್ತದೆ, ನಾಡಿನ ದಾಖಲೆಯೂ ಆಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ನಾವು ಮಾಡಿದ ಪ್ರವಾಸಗಳನ್ನೇ ಇಟ್ಟುಕೊಂಡು, ಈ ಕೆಲಸ ಹೇಗೆಂದು ಇಲ್ಲಿ ಹೇಳುತ್ತೇನೆ.

ಮೊದಲು ಎಲ್ಲವನ್ನೂ ಒಂದೆಡೆ ಸೇರಿಸಿ

ಶುರುವಿನಲ್ಲೇ ಆಯ್ಕೆಗೆ ಇಳಿಯಬೇಡಿ. ಪ್ರಿಂಟು, ನೆಗೆಟಿವ್, ಸಿಡಿ, ಪೆನ್‌ಡ್ರೈವ್, ಹಳೆಯ ಫೋನು, ಮೆಮೊರಿ ಕಾರ್ಡು ಎಲ್ಲವನ್ನೂ ಒಂದು ಮೇಜಿನ ಮೇಲೆ ತನ್ನಿ. ಸಿಡಿಗಳಲ್ಲಿರುವುದನ್ನು ಮೊದಲು ಇಳಿಸಿಕೊಳ್ಳಿ. ಅವು ವರ್ಷ ಕಳೆದಂತೆ ಕೆಡುತ್ತವೆ, ಓದುವ ಡ್ರೈವ್ ಇರುವ ಕಂಪ್ಯೂಟರ್‌ಗಳೂ ಅಪರೂಪವಾಗಿವೆ. ಹಳೆಯ ಫೋನಿನ ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ರಿಪೇರಿ ಅಂಗಡಿಗೆ ಒಯ್ಯಿರಿ.

ನೆಂಟರಿಂದ ಚಿತ್ರ ತರಿಸುವಾಗ ಒಂದು ಎಚ್ಚರಿಕೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಗಾತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಆಗ ಮೂಲ ಹಾಗೆಯೇ ಬರುತ್ತದೆ.

ನೆಗೆಟಿವ್ ಎಸೆಯಬೇಡಿ. ಪ್ರಿಂಟು ಮಸುಕಾಗಿದ್ದರೂ ನೆಗೆಟಿವ್‌ನಲ್ಲಿ ಚಿತ್ರ ಗಟ್ಟಿಯಾಗಿ ಉಳಿದಿರುವುದುಂಟು. ಯಾವ ಊರಾದ ಮೇಲೆ ಯಾವ ಊರಿಗೆ ಹೋದಿರಿ ಎಂಬುದನ್ನು ಅದರ ಅಂಕಿಗಳೇ ಹೇಳುತ್ತವೆ. ಅಂಚು ಹಿಡಿದು ಎತ್ತಿ, ಬೆರಳ ಗುರುತು ಬೀಳದಿರಲಿ.

ಅಂಟಿನ ಹಾಳೆಯ ಆಲ್ಬಮ್‌ಗಳಿಂದ ಫೋಟೋ ಕಿತ್ತರೆ ಹರಿಯುತ್ತದೆ. ಕೀಳುವ ಮೊದಲು ಹಾಳೆ ಹಾಳೆಯಾಗಿ ಅದರ ಚಿತ್ರ ತೆಗೆದಿಡಿ. ಸ್ಕ್ಯಾನರ್ ಇದ್ದರೆ ಪ್ರಿಂಟಿಗೆ 600 ಡಿಪಿಐ ಸಾಕು. ನೆಗೆಟಿವ್‌ಗೆ 2400 ಡಿಪಿಐಗೆ ಕಡಿಮೆ ಬೇಡ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿ ಪಕ್ಕದ ಮೇಜಿನ ಮೇಲೆ ಫೋಟೋ ಇಟ್ಟು, ಫ್ಲ್ಯಾಶ್ ಇಲ್ಲದೆ, ಫೋನನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ಹಿಂಬದಿಯಲ್ಲಿ ಬರಹವಿದ್ದರೆ ಅದನ್ನೂ ತೆಗೆಯಿರಿ. ಸ್ಟುಡಿಯೋದ ಮುದ್ರೆಯೂ ಒಂದು ಸುಳಿವೇ.

ಚಿತ್ರದೊಳಗಿನ ಸುಳಿವುಗಳು

ಕಾಲ ಪತ್ತೆ ಮಾಡುವಾಗ ನಡುವಿನಲ್ಲಿ ನಿಂತವರನ್ನು ಬಿಟ್ಟು ಅಂಚುಗಳನ್ನು ನೋಡಿ. ನಮ್ಮ ಈ ಭಾಗದಲ್ಲಿ ನೀರು, ಬೆಳೆ, ಬಿಸಿಲು, ಬೋರ್ಡು ಎಲ್ಲವೂ ತಾರೀಖು ಹೇಳುತ್ತವೆ.

ನೀರು: ಶೆಟ್ಟಿಹಳ್ಳಿಯ ಚರ್ಚನ್ನು ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡ ಮೇಲೆ ಹಿನ್ನೀರು ಅಲ್ಲಿಗೆ ಬಂತು. ಮುಂಗಾರು ಚೆನ್ನಾಗಿ ಹಿಡಿದ ವರ್ಷ ಜುಲೈ, ಆಗಸ್ಟ್ ಹೊತ್ತಿಗೆ ನೀರು ಗೋಡೆಯೇರುತ್ತದೆ. ಬೇಸಿಗೆಗೆ ಇಳಿದು ನೆಲ ಬಿರಿಯುತ್ತದೆ. ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ದಿನದ ಮಟ್ಟ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆ ಸಿಕ್ಕರೆ, ಕಮಾನಿನಲ್ಲಿ ನೀರು ನಿಂತ ಎತ್ತರವನ್ನೂ ಪತ್ರಿಕೆಯ ಅಂಕಿಯನ್ನೂ ಹೊಂದಿಸಿ ನೋಡಬಹುದು. ಗೋಡೆಯೂ ಮಾತಾಡುತ್ತದೆ. ಚಾವಣಿ ಹೋಗಿ ಎಷ್ಟೋ ಕಾಲವಾಯಿತು, ವರ್ಷವರ್ಷವೂ ನೀರಲ್ಲಿ ನಿಂತು ಇಟ್ಟಿಗೆ ಕಳಚುತ್ತಿದೆ. ನಿಮ್ಮ ಚಿತ್ರದಲ್ಲಿ ಇಡಿಯಾಗಿರುವ ಕಮಾನು ಇಂದು ಇಲ್ಲದೆಯೂ ಇರಬಹುದು.

ಬೆಳೆ: ಹಾಸನದ ಸುತ್ತ ಮುಂಗಾರಿನ ಆಲೂಗಡ್ಡೆ ಮೇ, ಜೂನ್‌ನಲ್ಲಿ ನೆಲಕ್ಕೆ ಬಿದ್ದು ಜುಲೈ ಹೊತ್ತಿಗೆ ಹೂ ಬಿಡುತ್ತದೆ. ಅರಕಲಗೂಡಿನ ಕಡೆ ತಂಬಾಕು ಬೇಯಿಸುವ ಬ್ಯಾರನ್‌ನಿಂದ ಹೊಗೆ ಏಳುತ್ತಿದ್ದರೆ, ಪಕ್ಕದಲ್ಲಿ ಸೌದೆ ಒಟ್ಟಿದ್ದರೆ, ಅದು ಆಗಸ್ಟ್ ಆಸುಪಾಸು. ರಾಗಿಯ ನಡುವೆ ಹುಚ್ಚೆಳ್ಳು ಹೂವಾದರೆ ದೀಪಾವಳಿ ಹತ್ತಿರ. ಹೊಲದಲ್ಲಿ ಮೆದೆ ಕಂಡರೆ ಕೊಯ್ಲು ಮುಗಿದಿದೆ. ಎಲೆಯಿಲ್ಲದ ಮುತ್ತುಗ ಕೆಂಪಾಗಿದ್ದರೆ ಶಿವರಾತ್ರಿಯ ಸುತ್ತಮುತ್ತ. ಇವನ್ನು ಓದಲು ಕಂಪ್ಯೂಟರ್ ಬೇಡ, ಹೊಲ ಮಾಡಿದವರೊಬ್ಬರು ಪಕ್ಕದಲ್ಲಿದ್ದರೆ ಸಾಕು.

ಬಿಸಿಲು: ಶ್ರವಣಬೆಳಗೊಳದ ವಿಂಧ್ಯಗಿರಿಯ ಗೊಮ್ಮಟನ ಮುಖ ಉತ್ತರಕ್ಕೆ. ಸೂರ್ಯ ಉತ್ತರಕ್ಕೆ ವಾಲಿ ಹುಟ್ಟುವುದು ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಮೂರ್ತಿಯ ಮುಖದ ಮೇಲೆ ಬಿಸಿಲು ಓರೆಯಾಗಿ ಬಿದ್ದಿದ್ದರೆ ಚಿತ್ರ ಆ ತಿಂಗಳುಗಳದ್ದು. ಮುಖ ನೆರಳಲ್ಲಿದ್ದು ಬೆನ್ನಿಗೆ ಬಿಸಿಲಿದ್ದರೆ ಚಳಿಗಾಲದ್ದು. ನಮ್ಮ ರೀಲಿನ ಇಪ್ಪತ್ತನಾಲ್ಕನೆಯ ಚಿತ್ರದಲ್ಲಿ ಮುಖ ನೆರಳಲ್ಲಿತ್ತು. ಅಮ್ಮನ ಹುಚ್ಚೆಳ್ಳಿನ ಲೆಕ್ಕಕ್ಕೆ ಅದೂ ಸಾಕ್ಷಿ ನುಡಿಯಿತು. ಮೂರ್ತಿಯ ಹಿಂದೆ ಅಟ್ಟಣಿಗೆ ಕಂಡರೆ 1981, 1993, 2006, 2018ರ ಮಹಾಮಸ್ತಕಾಭಿಷೇಕಗಳಲ್ಲಿ ಯಾವುದರ ಹತ್ತಿರದ್ದೆಂದು ಯೋಚಿಸಿ.

ಬೋರ್ಡು ಮತ್ತು ಕೈಕಂಬ: ಚನ್ನರಾಯಪಟ್ಟಣ, ಹಾಸನದ ಮೂಲಕ ಹೋಗುವ ಬೆಂಗಳೂರು–ಮಂಗಳೂರು ಹೆದ್ದಾರಿ ಮೊದಲು ರಾಷ್ಟ್ರೀಯ ಹೆದ್ದಾರಿ 48 ಆಗಿತ್ತು, ಈಗ 75. ಮೈಲಿಗಲ್ಲಿನಲ್ಲಿ 48 ಕಂಡರೆ ಅದು ಹಳೆಯ ಕಾಲದ ಗುರುತು. ಇಂಗ್ಲಿಷ್ ಬರಹದಲ್ಲಿ ‘ಬ್ಯಾಂಗಲೋರ್’, ‘ಮೈಸೂರ್’ ಇದ್ದವು ‘ಬೆಂಗಳೂರು’, ‘ಮೈಸೂರು’ ಆದದ್ದು 2014ರ ರಾಜ್ಯೋತ್ಸವದಿಂದ. ಹಾಸನ ನಿಲ್ದಾಣದಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ಹೋಗುವ ರೈಲು ಹತ್ತುತ್ತಿರುವ ಚಿತ್ರವಾದರೆ ಅದು 2017ರ ಮಾರ್ಚ್ ನಂತರದ್ದು. ಆ ನೇರ ಮಾರ್ಗ ಪೂರ್ತಿ ತೆರೆದದ್ದು ಆಗ. ಸಿನಿಮಾ ಪೋಸ್ಟರ್, ಚುನಾವಣೆಯ ಗೋಡೆ ಬರಹ, ಬಸ್ಸಿನ ಬಣ್ಣ ಇವೆಲ್ಲ ಕೂಡ ಕೆಲಸಕ್ಕೆ ಬರುತ್ತವೆ.

ಡಿಜಿಟಲ್ ಕ್ಯಾಮೆರಾದ ಚಿತ್ರದಲ್ಲಿ ದಿನಾಂಕ ತಾನಾಗಿ ಇರುತ್ತದೆ, ಆದರೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಬ್ಯಾಟರಿ ತೆಗೆದಿಟ್ಟ ಕ್ಯಾಮೆರಾ ಮತ್ತೆ ಜನವರಿ ಒಂದರಿಂದ ಎಣಿಕೆ ಶುರುಮಾಡಿರುತ್ತದೆ. ಪ್ರವಾಸದ ಒಂದು ಚಿತ್ರದ ನಿಜವಾದ ದಿನ ಗೊತ್ತಾದರೆ, ಉಳಿದವೆಲ್ಲವನ್ನೂ ಅಷ್ಟೇ ಅಂತರಕ್ಕೆ ಒಟ್ಟಿಗೆ ಸರಿಪಡಿಸುವ ತಂತ್ರಾಂಶಗಳಿವೆ.

ಹಿರಿಯರನ್ನು ಕೂರಿಸಿಕೊಳ್ಳಿ

ಮನೆಯ ಹಿರಿಯರ ಮುಂದೆ ಒಂದು ಸಲಕ್ಕೆ ಇಪ್ಪತ್ತು ಚಿತ್ರಕ್ಕಿಂತ ಹೆಚ್ಚು ಇಡಬೇಡಿ. “ಇದು ಯಾವ ವರ್ಷ?” ಎಂದು ಕೇಳಿದರೆ ಅವರು ತಡವರಿಸುತ್ತಾರೆ. “ಆವತ್ತು ಯಾರ ಮನೇಲಿ ಊಟ ಮಾಡಿದ್ವಿ?”, “ಯಾವ ಬಸ್ಸಿಗೆ ಬಂದ್ವಿ?” ಎಂದು ಕೇಳಿ, ನೆನಪು ದಾರಿ ಹಿಡಿದು ಬರುತ್ತದೆ. ಫೋನಿನಲ್ಲಿ ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ಮೊದಲೇ ತಿಳಿಸಿ ಮಾಡಿ.

ರಾಮನಾಥಪುರದ ಒಂದು ಚಿತ್ರದಲ್ಲಿ ಕಾವೇರಿಯ ಮೆಟ್ಟಿಲ ಮೇಲೆ ಯಾರದೋ ಕೈ ಮಾತ್ರ ಕಾಣುತ್ತದೆ, ಕೈತುಂಬ ಕಡ್ಲೆಪುರಿ, ಕೆಳಗೆ ಬಾಯಿ ತೆರೆದ ಮೀನುಗಳು. ನಾವದನ್ನು ತಪ್ಪಾಗಿ ಬಿದ್ದ ಫೋಟೋ ಎಂದು ಬದಿಗಿಟ್ಟಿದ್ದೆವು. “ಬಳೆ ನೋಡ್ರಿ, ನಿಮ್ಮಜ್ಜಿದು” ಎಂದರು ಅಮ್ಮ. ಅಜ್ಜಿಯ ಕೈಯ ಚಿತ್ರ ನಮ್ಮ ಮನೆಯಲ್ಲಿ ಅದೊಂದೇ.

ಕಡತದ ಹೆಸರು ಹೀಗಿರಲಿ

ಇಸವಿ, ತಿಂಗಳು, ಊರು, ವಿಷಯ, ಕ್ರಮಸಂಖ್ಯೆ, ಇದೇ ಅನುಕ್ರಮ. ಉದಾಹರಣೆಗೆ: ‘2005-11-ಶೆಟ್ಟಿಹಳ್ಳಿ-ಚರ್ಚ್-11’. ಇಸವಿ ಮುಂದಿದ್ದರೆ ಕಂಪ್ಯೂಟರ್ ತಾನಾಗಿ ಕಾಲಕ್ರಮದಲ್ಲಿ ಜೋಡಿಸುತ್ತದೆ. ತಿಂಗಳು ಗೊತ್ತಿಲ್ಲದಿದ್ದರೆ 00 ಹಾಕಿ. ಅಂದಾಜಾದರೆ ‘ಸುಮಾರು’ ಎಂದೇ ಬರೆಯಿರಿ. ಊಹೆಯನ್ನು ಖಚಿತ ಎಂಬಂತೆ ಬರೆದರೆ ಮುಂದಿನವರು ದಾರಿ ತಪ್ಪುತ್ತಾರೆ.

ಊರಿನ ಹೆಸರಿನ ಜೊತೆ ತಾಲ್ಲೂಕು ಸೇರಿಸಿ. ಬಸವಾಪಟ್ಟಣ ಅರಕಲಗೂಡು ತಾಲ್ಲೂಕಿನಲ್ಲೂ ಇದೆ, ಬೇರೆ ಜಿಲ್ಲೆಯಲ್ಲೂ ಇದೆ. ಜನರ ಹೆಸರನ್ನು ಎಡದಿಂದ ಬಲಕ್ಕೆ ಬರೆಯಿರಿ. ‘ಚಿಕ್ಕಪ್ಪ’ ಎಂದಷ್ಟೇ ಬರೆದರೆ ನಿಮ್ಮ ಮಕ್ಕಳಿಗೆ ಅವರು ಯಾರೆಂದು ತಿಳಿಯದು; ಪೂರ್ತಿ ಹೆಸರು ಇರಲಿ. ಪ್ರಿಂಟಿನ ಹಿಂದೆ ಬಾಲ್‌ಪೆನ್ನು ಬೇಡ, ಒತ್ತಿದ ಗುರುತು ಮುಂದಕ್ಕೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು.

ಆಯ್ಕೆಯ ವಿಷಯ ಬೇಗ ಮುಗಿಸುತ್ತೇನೆ. ಒಂದೇ ನೋಟದ ಹತ್ತು ಚಿತ್ರಗಳಿದ್ದರೆ ಎರಡು ಇಟ್ಟುಕೊಳ್ಳಿ. ಮನುಷ್ಯರು, ಅಂಗಡಿ, ಮರ, ರಸ್ತೆ ಇರುವ ಚಿತ್ರ ಮಸುಕಾಗಿದ್ದರೂ ಬಿಡಬೇಡಿ.

ಅದೇ ಜಾಗಕ್ಕೆ ಮತ್ತೆ ಹೋಗಿ

ಹೆಸರು ಬರೆದು ಮುಗಿದ ಮೇಲೆ ಹಳೆಯ ಚಿತ್ರದ ಪ್ರತಿ ಹಿಡಿದು ಅದೇ ಜಾಗದಲ್ಲಿ ನಿಂತು ಇನ್ನೊಂದು ತೆಗೆಯಿರಿ. ಗೋಪುರದ ತುದಿ, ಬಂಡೆ, ದೊಡ್ಡ ಮರ, ಹೀಗೆ ಕದಲದ ಎರಡು ಗುರುತು ಹಿಡಿದು, ಅವುಗಳ ನಡುವಿನ ಅಂತರ ಹಳೆಯ ಚಿತ್ರದಲ್ಲಿದ್ದಂತೆ ಬರುವವರೆಗೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯಿರಿ. ತಿಂಗಳೂ ಹೊತ್ತೂ ಅದೇ ಆದರೆ ಇನ್ನೂ ಒಳ್ಳೆಯದು.

ದೊಡ್ಡಗದ್ದವಳ್ಳಿಯಿಂದ ಶುರುಮಾಡಿ. ಹಾಸನದಿಂದ ಬೇಲೂರು ರಸ್ತೆಯಲ್ಲಿ ಹೋಗಿ ಒಳಗೆ ತಿರುಗಬೇಕು. ಕೆರೆಯ ಪಕ್ಕದಲ್ಲಿ ಹನ್ನೆರಡನೆಯ ಶತಮಾನದ ಆರಂಭದ ಲಕ್ಷ್ಮೀದೇವಿ ಗುಡಿ, ನಾಲ್ಕು ಗರ್ಭಗುಡಿಗಳದ್ದು. ಅಲ್ಲಿನ ಕಾಳಿಯ ವಿಗ್ರಹ 2020ರ ನವೆಂಬರ್‌ನಲ್ಲಿ ಒಡೆದ ಸ್ಥಿತಿಯಲ್ಲಿ ಕಂಡಿತು. ಅದಕ್ಕೂ ನೂರು ವರ್ಷ ಮೊದಲೇ, 1919ರಲ್ಲಿ, ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಈ ಗುಡಿಯ ಬಗ್ಗೆ ಚಿತ್ರಸಹಿತ ಪುಸ್ತಕ ಪ್ರಕಟಿಸಿದ್ದರು. ಅದೇ ಜಿಲ್ಲೆಯ ಹಳೇಬೀಡನ್ನು ರಿಚರ್ಡ್ ಬ್ಯಾನರ್ ಓಕ್ಲಿ ಕ್ಯಾಮೆರಾದಲ್ಲಿ ಹಿಡಿದದ್ದು 1856ರಲ್ಲಿ. ಆ ಚಿತ್ರಗಳು ಇಂದಿಗೂ ಬೆಲೆ ಉಳಿಸಿಕೊಂಡಿರುವುದು ಎಲ್ಲಿ, ಯಾವಾಗ, ಯಾರು ತೆಗೆದರು ಎಂಬುದು ಜೊತೆಗಿರುವುದರಿಂದ. 2020ಕ್ಕೆ ಮೊದಲು ದೊಡ್ಡಗದ್ದವಳ್ಳಿಗೆ ಹೋಗಿದ್ದವರು ನಿಮ್ಮ ಆಲ್ಬಮ್ ಈಗಲೇ ತೆರೆದು ನೋಡಿ.

ಹಾಸನದಿಂದ ಹೊಳೆನರಸೀಪುರದ ಕಡೆ ಹೊರಟರೆ ಮೊಸಳೆಯ ಜೋಡಿ ಗುಡಿಗಳು, ನಾಗೇಶ್ವರ ಮತ್ತು ಚೆನ್ನಕೇಶವ, ಅಕ್ಕಪಕ್ಕ ನಿಂತಿವೆ. ಮುಂದೆ ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹನ ಗುಡಿ, ಹೇಮಾವತಿಯ ಸೇತುವೆ. ಹೊಳೆಯ ಚಿತ್ರಕ್ಕೆ ಬೆಳಗಿನ ಹೊತ್ತು ಒಳ್ಳೆಯದು. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಆಗ ದಡದಲ್ಲಿರುತ್ತವೆ. ಮಾವಿನಕೆರೆಯ ರಂಗನಾಥನ ಬೆಟ್ಟ ಹತ್ತಿದರೆ ಸುತ್ತಲ ಕೆರೆ, ತೋಟಗಳೆಲ್ಲ ಕಾಣುತ್ತವೆ. ಹಳೆಯ ಚಿತ್ರದ ತೆಂಗು ಎಲ್ಲಿದೆ, ಮನೆ ಎಲ್ಲಿ ಎದ್ದಿದೆ ಎಂದು ಹೋಲಿಸಲು ಅಂಥ ಜಾಗ ಬೇರಿಲ್ಲ.

ಅರಕಲಗೂಡು ತಾಲ್ಲೂಕು ಕಾವೇರಿಯದ್ದು. ರಾಮನಾಥಪುರದ ಗುಡಿಯ ಬಳಿ ಹೊಳೆಯ ಮೀನು ಹಿಡಿಯುವಂತಿಲ್ಲ, ಹಾಗಾಗಿ ಅವು ಮೆಟ್ಟಿಲವರೆಗೆ ಬರುತ್ತವೆ. ನೀರೊಳಗಿನ ಮೀನು ಕಾಣಬೇಕಾದರೆ ಪೋಲರೈಸಿಂಗ್ ಫಿಲ್ಟರ್ ಹಾಕಿ ನೀರಿನ ಹೊಳಪು ತಗ್ಗಿಸಿ. ಅದಿಲ್ಲದಿದ್ದರೆ ನಿಮ್ಮ ನೆರಳೇ ನೀರ ಮೇಲೆ ಬೀಳುವಂತೆ ನಿಲ್ಲಿ, ಆ ನೆರಳಿನೊಳಗೆ ಮೀನು ಸ್ಪಷ್ಟ. ಪಾಚಿಯ ಮೆಟ್ಟಿಲು ಜಾರುತ್ತದೆ, ಕ್ಯಾಮೆರಾಕ್ಕಿಂತ ಕಾಲಿನ ಮೇಲೆ ಗಮನವಿರಲಿ. ಕೊಣನೂರಿನ ತೂಗುಸೇತುವೆಯ ಮೇಲೆ ಜನ ನಡೆದರೆ ಅಲುಗಾಟ ಬರುತ್ತದೆ. ಒಂದು ತುದಿಯಲ್ಲಿ ನಿಂತು ಕಾಯಿರಿ. ರುದ್ರಪಟ್ಟಣ ಸಂಗೀತಗಾರರ ಊರು. ಅಲ್ಲಿ ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ಮಂದಿರವಿದೆ. ನಿಮ್ಮ ಹಳೆಯ ಹೊಳೆದಡದ ಚಿತ್ರದಲ್ಲಿ ಅದು ಇದೆಯೋ ಇಲ್ಲವೋ ನೋಡಿ.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗದೆ ಬರಬೇಡಿ. 1246ರ ಲಕ್ಷ್ಮೀನರಸಿಂಹ ಗುಡಿಯ ದಕ್ಷಿಣದ ಶಿಲ್ಪಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ದಕ್ಷಿಣದ ಗೋಡೆಗೆ ಡಿಸೆಂಬರ್, ಜನವರಿಯ ಬಿಸಿಲು ಚೆನ್ನಾಗಿ ಬೀಳುತ್ತದೆ. ಉತ್ತರದ ಗೋಡೆ ಆಗ ದಿನವಿಡೀ ನೆರಳಲ್ಲಿರುತ್ತದೆ. ಅದಕ್ಕೆ ಏಪ್ರಿಲ್, ಮೇ ತಿಂಗಳ ಬೆಳಗು ಬೇಕು. ಇಬ್ಬರು ಶಿಲ್ಪಿಗಳ ಕೈಯನ್ನೂ ಸರಿಯಾಗಿ ಕಾಣಬೇಕಾದರೆ ಎರಡು ಪ್ರವಾಸ ಬೇಕು. ಬಳಪದ ಕಲ್ಲಿಗೆ ನಡುಹಗಲ ಬೆಳಕು ಒಗ್ಗದು. ಬೆಳಗ್ಗೆ, ಸಂಜೆಯ ಓರೆಬೆಳಕಿನಲ್ಲಿ ಒಡವೆಯ ಮಣಿ ಮಣಿಯೂ ಎದ್ದು ಕಾಣುತ್ತದೆ. ಶ್ರವಣಬೆಳಗೊಳದ ಬೆಟ್ಟವನ್ನು ಬರಿಗಾಲಲ್ಲಿ ಹತ್ತಬೇಕು, ಬಂಡೆ ಕಾಯುವ ಮುನ್ನ ಹೊರಡಿ.

ನಿಯಮಗಳನ್ನು ಮರೆಯಬೇಡಿ. ಗರ್ಭಗುಡಿಯ ಚಿತ್ರ ತೆಗೆಯುವ ಮುನ್ನ ಅರ್ಚಕರನ್ನು ಕೇಳಿ, ಬೇಡವೆಂದರೆ ಬಿಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಇಡಲು, ಡ್ರೋನ್ ಹಾರಿಸಲು ಮೊದಲೇ ಅನುಮತಿ ಬೇಕು. ಅಣೆಕಟ್ಟಿನ ಬಳಿ ಸಿಬ್ಬಂದಿಯ ಮಾತು ಮೀರಬೇಡಿ. ಶೆಟ್ಟಿಹಳ್ಳಿಯ ಗೋಡೆ ಹತ್ತಲೇಬೇಡಿ. ಅದು ನಿಮಗೂ ಅಪಾಯ, ಗೋಡೆಗೂ ಅಪಾಯ. ಹೊಲದಲ್ಲಿ ಕೆಲಸ ಮಾಡುವವರ ಚಿತ್ರ ತೆಗೆದರೆ ಕೇಳಿ ತೆಗೆಯಿರಿ, ಮುಂದಿನ ಸಲ ಹೋಗುವಾಗ ಒಂದು ಪ್ರಿಂಟು ಒಯ್ದು ಕೊಡಿ.

ಎಲ್ಲಿ, ಹೇಗೆ ಇಡಬೇಕು

ನನ್ನ ಅನುಭವದ ಒಂದು ಮಾತು. 2011ರಿಂದ 2013ರವರೆಗೆ ತೆಗೆದ ಕೊಣನೂರು, ರಾಮನಾಥಪುರದ ಚಿತ್ರಗಳೆಲ್ಲ ಒಂದೇ ಹಾರ್ಡ್‌ಡಿಸ್ಕಿನಲ್ಲಿದ್ದವು. ಒಂದು ದಿನ ಅದು ತಿರುಗುವುದನ್ನು ನಿಲ್ಲಿಸಿತು. ಮೂರು ವರ್ಷದ ಕಾವೇರಿ ನನ್ನ ಕೈಯಲ್ಲಿ ಉಳಿಯಲಿಲ್ಲ. ನಿಮಗೆ ಹಾಗಾಗಬಾರದು:

• ಪ್ರತಿ ಚಿತ್ರದ ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲಿ ಒಂದು, ಬೇರೆ ಹಾರ್ಡ್‌ಡಿಸ್ಕಿನಲ್ಲಿ ಒಂದು, ಇನ್ನೊಂದು ಮನೆಯಿಂದ ಹೊರಗೆ, ಆನ್‌ಲೈನ್ ಖಾತೆಯಲ್ಲೋ ಬೇರೆ ಊರಿನ ಅಕ್ಕತಂಗಿಯರ ಮನೆಯಲ್ಲೋ.
• ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಎಂದಿಟ್ಟುಕೊಳ್ಳಿ, ಎಲ್ಲ ಪ್ರತಿಗಳನ್ನೂ ತೆರೆದು ನೋಡಿ.
• ನೆಗೆಟಿವ್, ಪ್ರಿಂಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಬೇಡಿ. ಕಾಗದದ ಲಕೋಟೆಯಲ್ಲಿಟ್ಟು, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ನೋಡಿ, ಬೂಷ್ಟು ಹಿಡಿಯುವುದು ಆಗಲೇ.
• ತುಂಬ ಬೇಕಾದ ನೂರು ಚಿತ್ರಗಳನ್ನು ಪ್ರಿಂಟು ಹಾಕಿಸಿ. ಕರೆಂಟಿಲ್ಲದೆಯೂ ನೋಡಲು ಸಿಗುವುದು ಅದೊಂದೇ.
• ಹಕ್ಕಿಯ ಹಳೆಯ ಚಿತ್ರಗಳನ್ನು ಇ-ಬರ್ಡ್‌ನಲ್ಲಿ, ಗಿಡ, ಚಿಟ್ಟೆ, ಹಾವುಗಳ ಚಿತ್ರಗಳನ್ನು ಐ-ನ್ಯಾಚುರಲಿಸ್ಟ್‌ನಲ್ಲಿ ಸೇರಿಸಬಹುದು. ಹಳೆಯ ದಿನಾಂಕದವನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. ಗುಡಿ, ಸೇತುವೆ, ಊರಿನ ಚಿತ್ರಗಳಿಗೆ ವಿಕಿಮೀಡಿಯ ಕಾಮನ್ಸ್ ಇದೆ. ಮನೆಯವರ ಮುಖವಿರುವ ಚಿತ್ರ ಹಾಕುವ ಮೊದಲು ಅವರ ಒಪ್ಪಿಗೆ ಪಡೆಯಿರಿ.

ಇಷ್ಟೆಲ್ಲ ಒಂದೇ ವಾರದಲ್ಲಿ ಆಗಬೇಕಿಲ್ಲ. ಈ ಭಾನುವಾರ ಒಂದು ಪ್ರವಾಸದ ಇಪ್ಪತ್ತು ಚಿತ್ರ ಸಾಕು. ಯಂತ್ರಗಳು ಇನ್ನೂ ಬರುತ್ತವೆ. ಸ್ಕ್ಯಾನ್ ಮಾಡುವುದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡರೂ ನಡೆಯುತ್ತದೆ. ಬೇಲಿಯ ಹಿಂದಿನ ಹಳದಿಯನ್ನು ಕಂಡು ಹುಚ್ಚೆಳ್ಳು ಎಂದು ಹೇಳುವವರು, ಬಳೆ ನೋಡಿ ಅಜ್ಜಿಯ ಕೈ ಎಂದು ಗುರುತಿಸುವವರು ಮುಂದಿನ ವರ್ಷಕ್ಕೆ ಕಾಯಲಾರರು. ಮೊದಲು ಅವರ ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕೂತುಕೊಳ್ಳಿ.